ಪರ್ದಾದಿಯ ಹೆಸರು ಯಾವ ಕಾಗದದಲ್ಲಿದೆ?

ನಿಮ್ಮ ದಾದಾನ ಹೆಸರು ನಿಮಗೆ ಗೊತ್ತಿರತ್ತೆ. ಅವರ ತಂದೆ, ಅಂದರೆ ಪರ್ದಾದಾನ ಹೆಸರೂ ಗೊತ್ತಿರಬಹುದು. ಪರ್ದಾದಿಯ ಹೆಸರು ಏನು ಅಂತ ಕೇಳಿದರೆ ಮಾತ್ರ ಬಹಳ ಮನೆಗಳಲ್ಲಿ ಮಾತು ಅಲ್ಲಿಗೇ ನಿಲ್ಲತ್ತೆ. ಶಾಲೆಯಲ್ಲಿ ಮಕ್ಕಳಿಗೆ ನಾಲ್ಕು ತಲೆಮಾರಿನ ಹೆಸರು ಬರೆದುಕೊಂಡು ಬನ್ನಿ ಅಂತ ಹೇಳಿ ನೋಡಿ. ಗಂಡಸರ ಹೆಸರು ಮೂರು ಸಾಲು ಬರತ್ತೆ, ಹೆಂಗಸರದ್ದು ಎರಡು ಸಾಲೂ ತುಂಬಲ್ಲ. ಮುಂಬೈ, ಪುಣೆ, ಹೈದರಾಬಾದಿನಲ್ಲಿ ಹುಟ್ಟಿದ ಮಕ್ಕಳಾದರೆ ಮೂಲ ಊರನ್ನೂ "ಬಿಜಾಪುರದ ಕಡೆ", "ಗುಲ್ಬರ್ಗಾದ ಕಡೆ" ಅಂತಷ್ಟೇ ಹೇಳ್ತಾರೆ. ಊರಿನ ಹೆಸರು ಹೋಗಿ ಬರೀ ದಿಕ್ಕು ಉಳಿದಿರತ್ತೆ.

ಮನೆತನದ ಮೂಲ ಹುಡುಕೋದು ಹೇಗೆ, ಎಲ್ಲಿಂದ ಶುರು ಮಾಡಬೇಕು, ಯಾವ ಕಾಗದ ಎಲ್ಲಿ ಸಿಗತ್ತೆ, ಸಿಕ್ಕಿದ್ದನ್ನು ಎಷ್ಟು ನಂಬಬೇಕು ಅನ್ನೋದನ್ನು ಇಲ್ಲಿ ಒಂದೊಂದಾಗಿ ನೋಡೋಣ. ಇದು ದೊಡ್ಡ ಮನೆತನದವರಿಗೆ ಮಾತ್ರ ಸೇರಿದ ಕೆಲಸವಲ್ಲ. ಹತ್ತಿ ಹಿಂಜಿದವರು, ಬಳೆ ಮಾರಿದವರು, ಕೂಲಿ ಮಾಡಿದವರು ಎಲ್ಲರೂ ಎಲ್ಲೋ ಒಂದು ಕಡೆ ಕಾಗದದ ಮೇಲೆ ಗುರುತು ಬಿಟ್ಟು ಹೋಗಿದ್ದಾರೆ.

ಮೊದಲು ಮನೆಯೊಳಗಿನ ದಫ್ತರ

ಉತ್ತರ ಕರ್ನಾಟಕದಲ್ಲಿ ಹೆಳವರು ಅಂತ ಇದ್ದಾರೆ. ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆಮಾರಿನಿಂದ ತಲೆಮಾರಿಗೆ ನೆನಪಿಟ್ಟು, ಸುಗ್ಗಿಯ ಹೊತ್ತಿಗೆ ಬಂದು ಮನೆ ಮುಂದೆ ಹೇಳಿ ಹೋಗೋದು ಅವರ ಕಾಯಕ. ನಮ್ಮ ಮನೆಗಳಲ್ಲಿ ಆ ಕೆಲಸವನ್ನು ಬಹುಮಟ್ಟಿಗೆ ದಾದಿ, ನಾನಿ, ಫುಪ್ಪುಗಳೇ ಮಾಡಿಕೊಂಡು ಬಂದಿದ್ದಾರೆ. ಯಾರ ಮಗಳನ್ನು ಯಾವ ಊರಿಗೆ ಕೊಟ್ಟರು, ಯಾರ ಮನೆಯ ಜೊತೆ ಮಾತು ಬಿಟ್ಟಿತು, ಯಾವ ಮಗು ಯಾವ ವರ್ಷ ತೀರಿಕೊಂಡಿತು, ಎಲ್ಲ ಅವರ ನೆನಪಿನಲ್ಲಿದೆ. ಹಾಗಾಗಿ ಕಚೇರಿಗೆ ಹೋಗುವ ಮೊದಲು ಅವರ ಹತ್ತಿರ ಹೋಗಿ. ಕಾಗದ ಇನ್ನೂ ಹತ್ತು ವರ್ಷ ಕಾಯತ್ತೆ, ಅವರು ಕಾಯಲಿಕ್ಕೆ ಆಗಲ್ಲ.

ಕೇಳುವಾಗ ಮನೆಮಾತಿನಲ್ಲೇ ಕೇಳಿ. ಇದಕ್ಕೊಂದು ಕಾರಣವಿದೆ. ಕನ್ನಡದಲ್ಲಿ "ಅಜ್ಜ" ಅಂದರೆ ತಂದೆಯ ತಂದೆಯೋ ತಾಯಿಯ ತಂದೆಯೋ ತಿಳಿಯಲ್ಲ. "ಮಾವ" ಅಂದರೆ ತಾಯಿಯ ತಮ್ಮನೂ ಆಗಬಹುದು, ಹೆಂಡತಿಯ ತಂದೆಯೂ ಆಗಬಹುದು, ಅತ್ತೆಯ ಗಂಡನೂ ಆಗಬಹುದು. ದಖ್ಖನಿಯಲ್ಲಿ ದಾದಾ ಬೇರೆ, ನಾನಾ ಬೇರೆ. ಚಿಚ್ಚಾ, ಮಾಮು, ಖಾಲು, ಫುಪ್ಪಾ ನಾಲ್ಕೂ ನಾಲ್ಕು ಸಂಬಂಧ. ಅದರ ಮೇಲೆ ನಮ್ಮಲ್ಲಿ ಒಳಸಂಬಂಧದ ಮದುವೆಗಳು ಹೆಚ್ಚು. ಒಬ್ಬರೇ ಹೆಂಗಸು ಖಾಲಾನೂ ಹೌದು, ಅತ್ತೆಯೂ ಹೌದು. ವಂಶವೃಕ್ಷ ಬರೆಯುವಾಗ ಒಬ್ಬರ ಹೆಸರು ಎರಡು ಕಡೆ ಬಂದರೆ ಗಾಬರಿ ಬೇಡ. ಎರಡೂ ಕಡೆ ಬರೆದು ನಡುವೆ ಗೆರೆ ಎಳೆದು ಸೇರಿಸಿ.

"ನೀವು ಹುಟ್ಟಿದ್ದು ಯಾವಾಗ?" ಅಂತ ಕೇಳಿದರೆ ಹಿರಿಯರಿಗೆ ಉತ್ತರ ಹೊಳೆಯಲ್ಲ. "ಪೋಲೀಸ್ ಆಕ್ಷನ್ ಆದಾಗ ನೀವು ನಡೀತಿದ್ರಾ, ತೊಟ್ಟಿಲಲ್ಲಿದ್ರಾ?" ಅಂತ ಕೇಳಿ. ಉತ್ತರ ತಕ್ಷಣ ಬರತ್ತೆ. ಹೀಗೆ ಕಾಲ ಗುರುತು ಹಿಡಿಯಲು ಕೆಲವು ಘಟನೆಗಳು ಅನುಕೂಲ: 1876ರಿಂದ 78ರ ಧಾತು ಈಶ್ವರ ಬರ, 1898ರ ಸುಮಾರಿಗೆ ಬಂದ ಪ್ಲೇಗು, 1908ರ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಮೂಸಿ ನದಿಯ ತುಘ್ಯಾನಿ, 1918ರ ಇನ್‌ಫ್ಲುಯೆಂಜಾ ಜ್ವರ, 1948ರ ಪೋಲೀಸ್ ಆಕ್ಷನ್, 1956ರ ಏಕೀಕರಣ, 1967ರ ಡಿಸೆಂಬರಿನ ಕೊಯ್ನಾ ಭೂಕಂಪ, 1972ರ ಬರ. ಹಿರಿಯರು ತಮ್ಮ ದಾದಿಯಿಂದ ಕೇಳಿದ ಬರದ ಕಥೆಯೂ ಒಂದು ತಾರೀಖೇ.

ಕೇಳಿದ್ದನ್ನು ಬರೆದುಕೊಳ್ಳುವ ಕ್ರಮ ನಮ್ಮ ಪರಂಪರೆಯಲ್ಲೇ ಇದೆ. ಹದೀಸ್ ಸಂಗ್ರಹಿಸಿದ ವಿದ್ವಾಂಸರು ಮಾತಿನ ಜೊತೆ ಆ ಮಾತು ಯಾರಿಂದ ಯಾರಿಗೆ ಬಂತು ಅನ್ನೋ ಇಸ್ನಾದನ್ನೂ ಬರೆದಿಟ್ಟರು. ಆ ಸರಪಳಿಯಲ್ಲಿ ಒಂದು ಕೊಂಡಿ ಇಲ್ಲದಿದ್ದರೆ ಇಲ್ಲ ಅಂತ ಗುರುತಿಸಿದರು. ನೀವೂ ನೋಟ್‌ಬುಕ್ಕಿನಲ್ಲಿ ಒಂದೊಂದು ಸಂಗತಿಯ ಪಕ್ಕ ಮೂರು ವಿಷಯ ಬರೆಯಿರಿ: ಯಾರು ಹೇಳಿದರು, ಅವರು ಕಣ್ಣಾರೆ ಕಂಡದ್ದೋ ಕೇಳಿದ್ದೋ, ನೀವು ಕೇಳಿಸಿಕೊಂಡ ದಿನ ಯಾವುದು. ಇಬ್ಬರು ಬೇರೆ ಬೇರೆ ರೀತಿ ಹೇಳಿದರೆ ಎರಡನ್ನೂ ಬರೆಯಿರಿ, ಒಂದನ್ನು ಹೊಡೆದು ಹಾಕಬೇಡಿ. ಫೋನಿನಲ್ಲಿ ಧ್ವನಿ ದಾಖಲಿಸುವುದಾದರೆ ಮೊದಲು ಕೇಳಿ ಒಪ್ಪಿಗೆ ತಗೊಳ್ಳಿ.

ಮೌನ ಇದ್ದ ಕಡೆ

ಕೆಲವು ಪ್ರಶ್ನೆಗಳಿಗೆ ಹಿರಿಯರು ಉತ್ತರ ಕೊಡಲ್ಲ. ಗುಲ್ಬರ್ಗಾ, ಬೀದರ್, ರಾಯಚೂರು ಕಡೆಯ ಮನೆತನಗಳಲ್ಲಿ ಒಂದು ತಲೆಮಾರಿನ ಗಂಡಸರ ಹೆಸರುಗಳು ಇದ್ದಕ್ಕಿದ್ದಂತೆ ನಿಂತುಹೋಗಿದ್ದರೆ, ಅಥವಾ ಕುಟುಂಬ ಒಂದು ಹಳ್ಳಿಯಿಂದ ಇನ್ನೊಂದು ಪಟ್ಟಣಕ್ಕೆ ಯಾಕೆ ಬಂತು ಅನ್ನೋದಕ್ಕೆ ಯಾರೂ ಕಾರಣ ಹೇಳದಿದ್ದರೆ, ವರ್ಷ 1948 ಇರಬಹುದೇ ನೋಡಿ. ಆ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ನಂತರ ನಡೆದ ಹಿಂಸೆಯ ಬಗ್ಗೆ ಭಾರತ ಸರ್ಕಾರ ಪಂಡಿತ್ ಸುಂದರಲಾಲ್ ನೇತೃತ್ವದ ತಂಡವನ್ನು ಕಳಿಸಿತ್ತು. ಅವರ ಅಂದಾಜು 27,000ದಿಂದ 40,000 ಸಾವು. ಹೆಚ್ಚು ಪೆಟ್ಟು ಬಿದ್ದ ಜಿಲ್ಲೆಗಳೆಂದು ಅವರು ಹೇಳಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ಅದಕ್ಕೂ ಮೊದಲು ರಜಾಕಾರರ ಹಾವಳಿಯಲ್ಲಿ ನೊಂದ ಹಿಂದೂ ಮನೆಗಳಲ್ಲೂ ಇಂಥದ್ದೇ ಮೌನವಿದೆ ಅನ್ನೋದನ್ನು ಮರೆಯಬಾರದು.

ಇಂಥ ಕಡೆ ಒತ್ತಾಯ ಮಾಡಬೇಡಿ. "ಆ ವರ್ಷ ನೀವು ಎಲ್ಲಿದ್ರಿ, ಯಾರು ನಿಮ್ಮನ್ನು ಮನೆಯಲ್ಲಿ ಇಟ್ಕೊಂಡಿದ್ರು?" ಅಂತ ಕೇಳಿ. ಅಡಗಿಸಿ ಕಾಪಾಡಿದ ನೆರೆಮನೆಯ ಗೌಡರ ಹೆಸರೋ, ಸಾಹುಕಾರರ ಹೆಸರೋ ಬರಬಹುದು. ಅದನ್ನೂ ನಿಮ್ಮ ವಂಶದ ಪುಸ್ತಕದಲ್ಲಿ ಬರೆಯಿರಿ. ಆ ಮನೆ ಇಲ್ಲದಿದ್ದರೆ ನಿಮ್ಮ ಮನೆ ಇರುತ್ತಿರಲಿಲ್ಲ.

ಒಂದೇ ಹೆಸರು, ನಾಲ್ಕು ಬರಹ

ಕಾಗದ ಹುಡುಕಲು ಹೊರಟವರಿಗೆ ಮೊದಲ ತೊಡಕು ಹೆಸರಿನದು. ಉರ್ದು ನಿಕಾಹ್‌ನಾಮೆಯಲ್ಲಿ ಇಮಾಮುದ್ದೀನ್ ಆಗಿದ್ದವರು ಕನ್ನಡ ಪಹಣಿಯಲ್ಲಿ ಇಮಾಮಸಾಬ, ಮರಾಠಿ ಕಾಗದದಲ್ಲಿ ಇಮಾಮ್ ಸಾಹೇಬ, ರೇಷನ್ ಕಾರ್ಡಿನಲ್ಲಿ ಇನ್ನೊಂದು ಥರ. ನಾಲ್ವರೂ ಒಬ್ಬರೇ. ಇನ್ನೊಂದು ಕಡೆ ದಾದಾನ ಹೆಸರನ್ನೇ ಮೊಮ್ಮಗನಿಗೆ ಇಡುವ ರೂಢಿಯಿಂದಾಗಿ ಒಂದೇ ಹೆಸರಿನ ಇಬ್ಬರು ಬೇರೆ ವ್ಯಕ್ತಿಗಳೂ ಸಿಗ್ತಾರೆ. ಆದ್ದರಿಂದ ಬರೀ ಹೆಸರು ನೋಡಿ ತೀರ್ಮಾನ ಮಾಡಬಾರದು. ತಂದೆಯ ಹೆಸರು, ಊರು, ಕಸುಬು, ಜಮೀನಿದ್ದರೆ ಸರ್ವೆ ನಂಬರು, ಇವುಗಳಲ್ಲಿ ಎರಡಾದರೂ ಹೊಂದಬೇಕು.

ಹಳೆಯ ಕಾಗದದ ಕೆಲವು ಪದ ಗೊತ್ತಿದ್ದರೆ ಓದು ಸುಲಭ. "ವಲ್ದ್", "ಬಿನ್" ಅಂದರೆ ಇಂಥವರ ಮಗ. ಮೈಸೂರು ಕಡೆಯ ಕಂದಾಯ ದಾಖಲೆಗಳಲ್ಲಿ ಈ ಅರಬ್ಬಿ "ಬಿನ್" ಎಲ್ಲರ ಹೆಸರಿಗೂ ಸೇರಿಕೊಂಡಿದೆ, ರಾಮಪ್ಪ ಬಿನ್ ಭೀಮಪ್ಪ ಅಂತ. "ಕೋಂ" ಅಂದರೆ ಇಂಥವರ ಹೆಂಡತಿ. "ಮುಸಮ್ಮಾತ್" ಹೆಂಗಸರ ಹೆಸರಿನ ಮುಂದೆ ಬರತ್ತೆ. "ಸಾಕಿನ್" ಅಂದರೆ ವಾಸಿ, "ಮೌಜೆ" ಅಂದರೆ ಹಳ್ಳಿ, "ಪೇಶಾ" ಅಂದರೆ ಕಸುಬು, "ಮರ್ಹೂಮ್" ಅಂದರೆ ತೀರಿಕೊಂಡವರು, "ಉರ್ಫ್" ಅಂದರೆ ಕರೆಯುವ ಹೆಸರು.

ಅಡ್ಡಹೆಸರೂ ಒಂದು ದಾಖಲೆ. ನದಾಫ್ ಹತ್ತಿ ಹಿಂಜಿದವರು, ಮೋಮಿನ್ ನೇಯ್ದವರು, ಮಣಿಯಾರ್ ಬಳೆ ಮಾರಿದವರು, ನಾಲಬಂದ್ ಕುದುರೆಗೆ ಲಾಳ ಕಟ್ಟಿದವರು, ಅತ್ತಾರ್ ಸುಗಂಧದವರು, ಬಾಗವಾನ್ ಹಣ್ಣು ತರಕಾರಿಯವರು, ತಾಂಬೋಳಿ ಎಲೆ ಅಡಿಕೆಯವರು, ಕಿಲ್ಲೇದಾರ್ ಕೋಟೆ ನೋಡಿಕೊಂಡವರು. ಬರೀ ಊರಿನ ಹೆಸರನ್ನೇ ಅಡ್ಡಹೆಸರು ಮಾಡಿಕೊಂಡಿದ್ದರೆ, ಸಾಮಾನ್ಯವಾಗಿ ಅದು ಈಗಿರುವ ಊರಿನದಲ್ಲ, ಬಿಟ್ಟು ಬಂದ ಊರಿನ ಹೆಸರು. ಹುಡುಕಾಟಕ್ಕೆ ಅದೇ ಮೊದಲ ವಿಳಾಸ.

ಯಾವ ಕಾಗದದಲ್ಲಿ ಏನಿದೆ

ಎಲ್ಲಕ್ಕಿಂತ ಹತ್ತಿರದ್ದು ಶಾಲೆಯ ದಾಖಲಾತಿ ರಿಜಿಸ್ಟರ್. ದಾದಾ ನಾಲ್ಕನೇ ಇಯತ್ತೆವರೆಗೆ ಓದಿದ್ದರೂ ಸಾಕು, ಊರಿನ ಹಳೆಯ ಶಾಲೆಯಲ್ಲಿ ಅವರ ಹೆಸರು, ತಂದೆಯ ಹೆಸರು, ಜಾತಿ, ಹುಟ್ಟಿದ ತಾರೀಖು ಇರುವ ಸಾಧ್ಯತೆ ಇದೆ. ಆದರೆ ತಾರೀಖು ಜೂನ್ 1 ಅಂತಿದ್ದರೆ ನಂಬಬೇಡಿ. ಶಾಲೆ ಶುರುವಾಗುವ ದಿನವನ್ನೇ ಮೇಷ್ಟ್ರು ಹುಟ್ಟಿದ ದಿನ ಅಂತ ಬರೆದುಕೊಂಡದ್ದು ಅದು. ನಮ್ಮ ರಾಜ್ಯದ ಎಷ್ಟೋ ಹಿರಿಯರು ಕಾಗದದ ಮೇಲೆ ಒಂದೇ ದಿನ ಹುಟ್ಟಿದವರು.

ಜಮೀನಿದ್ದರೆ ಪಹಣಿ, ಅಂದರೆ ಉತ್ತರ ಕರ್ನಾಟಕದವರು ಹೇಳುವ ಉತಾರ. ಕಂಪ್ಯೂಟರ್ ಪಹಣಿ ಈಚಿನದು, ನಿಮಗೆ ಬೇಕಾದದ್ದು ತಾಲ್ಲೂಕು ಕಚೇರಿಯ ಕೈಬರಹದ ಪಹಣಿ. ಅದಕ್ಕಿಂತಲೂ ಮುಖ್ಯವಾದದ್ದು ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಬದಲಾಯಿಸಿದ ದಾಖಲೆ. ಮೈಸೂರು ಕಡೆ ಪೌತಿ ಖಾತೆ, ಧಾರವಾಡ ಕಡೆ ವಾರಸಾ ಅಂತಾರೆ. "ಪೌತಿ" ಅನ್ನೋದು ಸಾವು ಅನ್ನೋ ಅರ್ಥದ ಅರಬ್ಬಿ "ಫೌತ್" ಪದದಿಂದಲೇ ಬಂದದ್ದು. ಅಲ್ಲಿ ಸತ್ತವರು ಯಾರು, ಅವರಿಗೆ ಏನಾಗಬೇಕಾದವರು ಯಾರು ಯಾರು, ಎಲ್ಲ ಒಂದೇ ಪುಟದಲ್ಲಿರತ್ತೆ. ಸ್ವಂತ ಜಮೀನಿಲ್ಲದೆ ಗೇಣಿ ಮಾಡಿದವರಾಗಿದ್ದರೆ 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಕೊಟ್ಟ ನಮೂನೆ 7ರ ಅರ್ಜಿ ಹುಡುಕಿ.

ಏನೂ ಜಮೀನಿರಲಿಲ್ಲ ಅನ್ನುವವರೇ ಹೆಚ್ಚು. ಅವರಿಗೆ ನಿಕಾಹ್ ರಿಜಿಸ್ಟರ್ ಇದೆ. ಹೈದರಾಬಾದ್ ಸಂಸ್ಥಾನದ ಕಡೆ ಅದನ್ನು ಸಿಯಾಹಾ ಅಂತಾರೆ. ವರ, ವಧು, ಇಬ್ಬರ ತಂದೆಯರು, ವಕೀಲ, ಗವಾಹ್, ಮೆಹರಿನ ಮೊತ್ತ ಅದರಲ್ಲಿರತ್ತೆ. ಗವಾಹ್‌ಗಳ ಹೆಸರನ್ನು ಬಿಡದೆ ಬರೆದುಕೊಳ್ಳಿ. ಬಹಳ ಸಲ ಅವರು ಮಾಮು ಅಥವಾ ಚಿಚ್ಚಾ ಆಗಿರ್ತಾರೆ. ಕೆಲವು ಮನೆಗಳಲ್ಲಿ ಕುರ್‌ಆನ್ ಪ್ರತಿಯ ಮೊದಲ ಖಾಲಿ ಹಾಳೆಯಲ್ಲಿ ಮಕ್ಕಳ ಹುಟ್ಟು ಬರೆದಿಟ್ಟಿರ್ತಾರೆ. ಮಸೀದಿಯ ಗೋಡೆಯ ಕತ್ಬಾ, ದರ್ಗಾದ ಮುಜಾವರರ ನೆನಪು, ಪುರಸಭೆಯ ಮನೆ ತೆರಿಗೆ ಪುಸ್ತಕ, ಮಿಲ್ಲು ಅಥವಾ ರೈಲ್ವೆಯಲ್ಲಿ ದುಡಿದವರ ಸೇವಾ ಪುಸ್ತಕ, ಹಳೆಯ ಮತದಾರರ ಪಟ್ಟಿ, ಯಾವುದನ್ನೂ ಸಣ್ಣದು ಅನ್ನಬೇಡಿ. ಜನಗಣತಿಯ ಮನೆಮನೆಯ ಹಾಳೆಗಳನ್ನು ಮಾತ್ರ ಕೇಳಿ ಪ್ರಯೋಜನವಿಲ್ಲ. 1948ರ ಕಾನೂನಿನಂತೆ ಅವು ಗೋಪ್ಯ.

ನೀವಿರುವ ನಗರದಲ್ಲೇ ನಿಮ್ಮ ಊರಿನ ಕಾಗದ

ಹೊರರಾಜ್ಯದಲ್ಲಿರುವ ಓದುಗರಿಗೆ ಒಂದು ಅನುಕೂಲವಿದೆ. 1956ಕ್ಕೆ ಮೊದಲು ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬೆಳಗಾವಿ, ಧಾರವಾಡ, ಬಿಜಾಪುರ ಮುಂಬೈಗೆ ಸೇರಿದ್ದವು. ಉತ್ತರ ಕನ್ನಡವೂ 1862ರಿಂದ ಮುಂಬೈ ಕಡೆಯೇ. ದಕ್ಷಿಣ ಕನ್ನಡ, ಕೊಳ್ಳೇಗಾಲ ಮದ್ರಾಸಿನಲ್ಲಿದ್ದವು. ಬಳ್ಳಾರಿ 1953ರವರೆಗೆ ಮದ್ರಾಸಿನದೇ. ಗುಲ್ಬರ್ಗಾ, ರಾಯಚೂರು, ಬೀದರ್ ಹೈದರಾಬಾದಿನಲ್ಲಿದ್ದವು. ದಾದಾ ಕೆಲಸ ಹುಡುಕಿಕೊಂಡು ಹೋದ ನಗರ ಬಹಳ ಸಲ ಅವರ ಜಿಲ್ಲೆಯ ಹಳೆಯ ರಾಜಧಾನಿಯೇ. ಹಾಗಾಗಿ ಮೇಲಿನ ಮಟ್ಟದ ಕಾಗದಗಳೂ ಅಲ್ಲಿವೆ.

ಮುಂಬೈಯಲ್ಲಿ ಮಹಾರಾಷ್ಟ್ರ ರಾಜ್ಯ ಪತ್ರಾಗಾರವಿದೆ. ಪುಣೆಯ ಪತ್ರಾಗಾರದಲ್ಲಿ ಪೇಶ್ವೆ ದಫ್ತರವಿದೆ. ಬಾದಾಮಿ, ಬಾಗಲಕೋಟೆ, ಧಾರವಾಡ ಕಡೆ ಪೇಶ್ವೆಗಳ ಆಡಳಿತವಿದ್ದ ಕಾಲಕ್ಕೆ ಅದು ಬೇಕು. ಹೆಚ್ಚಿನವು ಮೋಡಿ ಲಿಪಿಯಲ್ಲಿರುವುದರಿಂದ ಓದಬಲ್ಲವರ ಸಹಾಯ ತಗೊಳ್ಳಿ. ಚೆನ್ನೈಯ ಎಗ್ಮೋರಿನಲ್ಲಿ ತಮಿಳುನಾಡು ಪತ್ರಾಗಾರ, ಹೈದರಾಬಾದಿನ ತಾರ್ನಾಕಾದಲ್ಲಿ ತೆಲಂಗಾಣ ಪತ್ರಾಗಾರ. ತಾರ್ನಾಕಾದಲ್ಲಿ ಫಾರ್ಸಿ, ಉರ್ದು ಕಾಗದಗಳ ದೊಡ್ಡ ಸಂಗ್ರಹವಿದೆ, ಉರ್ದು ಓದಲು ಬರುವ ನಮ್ಮ ವಿದ್ಯಾರ್ಥಿಗಳು ಇದನ್ನು ಬಳಸಿಕೊಳ್ಳಬೇಕು. ದೆಹಲಿಯ ಜನಪಥದಲ್ಲಿ ರಾಷ್ಟ್ರೀಯ ಪತ್ರಾಗಾರವಿದ್ದು, ಅದರ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. ಮೈಸೂರು ಸಂಸ್ಥಾನದವರಿಗೆ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ. ಆದರೆ ಇಂಥ ಕಡೆ ಹೋಗಿ "ನಮ್ಮ ಪರ್ದಾದಾನ ಹೆಸರು ಹುಡುಕಿ ಕೊಡಿ" ಅಂದರೆ ಸಿಗಲ್ಲ. ಊರು, ತಾಲ್ಲೂಕು, ಇಲಾಖೆ, ಹೆಚ್ಚುಕಮ್ಮಿ ವರ್ಷ, ಇಷ್ಟು ಕೈಯಲ್ಲಿರಬೇಕು. ಅದಕ್ಕೇ ಮನೆಯ ಹಿರಿಯರಿಂದ ಶುರು ಮಾಡಿ ಅಂದದ್ದು.

ವರ್ಷದ ಲೆಕ್ಕ

ಹಳೆಯ ಕಾಗದದಲ್ಲಿ ವರ್ಷ 1213 ಅಂತಲೋ 1357 ಅಂತಲೋ ಇರತ್ತೆ. ಹಿಜರಿಯೋ ಫಸ್ಲಿಯೋ ಮೊದಲು ನೋಡಿ. ಹಿಜರಿ ಚಾಂದ್ರಮಾನ, ವರ್ಷಕ್ಕೆ ಸುಮಾರು 354 ದಿನ. 33 ಹಿಜರಿ ವರ್ಷ ಅಂದರೆ ಸುಮಾರು 32 ಇಸವಿ ವರ್ಷ. ಹಿಜರಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಇಸವಿ ಸಿಗತ್ತೆ, ಒಂದು ವರ್ಷ ಆಚೆ ಈಚೆ. 1213ಕ್ಕೆ ಲೆಕ್ಕ ಹಾಕಿದರೆ 1798.6 ಬರತ್ತೆ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹುತಾತ್ಮರಾದ 1799ರ ಮೇ ತಿಂಗಳು ಆ ಹಿಜರಿ ವರ್ಷದ ಕೊನೆಯ ಭಾಗದಲ್ಲೇ ಬರತ್ತೆ. ಫಸ್ಲಿ ಬೆಳೆಯ ವರ್ಷ, ಕಂದಾಯದವರು ಬಳಸಿದ್ದು. ಅದಕ್ಕೆ 590 ಅಥವಾ 591 ಕೂಡಿಸಿ. ಹೈದರಾಬಾದಿನಲ್ಲಿ ಫಸ್ಲಿ ವರ್ಷ ಅಕ್ಟೋಬರಿನಲ್ಲಿ ಶುರುವಾಗುತ್ತಿದ್ದರಿಂದ ಅಕ್ಟೋಬರಿನಿಂದ ಡಿಸೆಂಬರಿಗೆ 590, ಜನವರಿಯ ನಂತರ 591. ಹೀಗೆ 1948ರ ಸೆಪ್ಟೆಂಬರ್ ಅಂದರೆ ಫಸ್ಲಿ 1357.

ಶಜ್ರಾ ಎಷ್ಟು ನಿಜ?

ಕೆಲವು ಮನೆಗಳಲ್ಲಿ ಶಜ್ರಾ ಇರತ್ತೆ. ಅದನ್ನು ಗೌರವದಿಂದ ನೋಡಿ, ಲೆಕ್ಕವನ್ನೂ ಹಾಕಿ. ಒಂದು ತಲೆಮಾರಿಗೆ 25ರಿಂದ 30 ವರ್ಷ. ಖ್ವಾಜಾ ಬಂದೇನವಾಜ್ ಗೇಸುದರಾಜ್ ವಿಸಾಲ್ ಆದದ್ದು 1422ರಲ್ಲಿ. ಅವರ ಜೊತೆ ಗುಲ್ಬರ್ಗಾಕ್ಕೆ ಬಂದವರು ನಾವು ಅನ್ನುವ ಮನೆತನದ ಶಜ್ರಾದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ಹೆಸರು ಇರಬೇಕು. ಎಂಟೇ ಹೆಸರಿದ್ದರೆ ನಡುವಿನದು ಬಿಟ್ಟುಹೋಗಿದೆ, ಇಲ್ಲವೇ ಮೇಲಿನದು ಆಮೇಲೆ ಸೇರಿದೆ.

ನಾವು ಅರಬಸ್ತಾನದಿಂದ ಬಂದವರು, ಇರಾನಿನಿಂದ ಬಂದವರು ಅನ್ನೋ ಮಾತು ಬಹಳ ಮನೆಗಳಲ್ಲಿದೆ. ಕೆಲವರ ವಿಷಯದಲ್ಲಿ ನಿಜವೂ ಹೌದು. ಕರಾವಳಿಗೆ ಅರಬ್ ವರ್ತಕರು ಬಂದರು, ಬಹಮನಿ ಮತ್ತು ಆದಿಲ್‌ಶಾಹಿ ದರಬಾರಿಗೆ ಇರಾನಿನವರು ಬಂದರು. ಆದರೆ ಹಾಗೆ ಬಂದವರ ಮನೆಯಲ್ಲೂ ತಾಯಂದಿರು ಹೆಚ್ಚಾಗಿ ಇಲ್ಲಿಯವರು. ಭಟ್ಕಳದ ನವಾಯತರ ಮಾತಿನ ತಳಹದಿ ಕೊಂಕಣಿ. ಬ್ಯಾರಿ ಭಾಷೆ ಮಲಯಾಳಕ್ಕೆ ಹತ್ತಿರ. ಮಗು ಕಲಿಯೋದು ತಾಯಿಯ ಮಾತನ್ನು. ಹಿಂಜುವ ಬಿಲ್ಲು, ಮಗ್ಗದ ಗುಂಡಿ ನಂಬಿ ಬದುಕಿದ ಬಹಳಷ್ಟು ಮನೆತನಗಳು ಇದೇ ಮಣ್ಣಿನವು. ಹಾಗೆ ತಿಳಿದುಬಂದರೆ ಮುಚ್ಚಿಡಬೇಕಾದ್ದು ಏನೂ ಇಲ್ಲ. ಜನಾಂಗ, ಬುಡಕಟ್ಟುಗಳಿರುವುದು ಒಬ್ಬರನ್ನೊಬ್ಬರು ಗುರುತಿಸಲಿಕ್ಕೆ, ಹಿರಿಮೆ ಇರೋದು ತಖ್ವಾದಲ್ಲಿ ಅಂತ ನಮ್ಮ ದೀನ್ ಹೇಳತ್ತೆ. ವಂಶ ತಿಳಿಯೋದು ಸಿಲಾ ರಹ್ಮಿಗೆ, ನೆಂಟಸ್ತಿಕೆ ಉಳಿಸಿಕೊಳ್ಳಲಿಕ್ಕೆ. ಹೆಣ್ಣು ಕೊಡುವಾಗ ಇನ್ನೊಬ್ಬರನ್ನು ಕೀಳು ಮಾಡಲಿಕ್ಕಲ್ಲ.

ಕಸುಬಿನ ನಿಜವಾದ ಹೆಸರು ಮುಚ್ಚಿಟ್ಟರೆ ಇನ್ನೊಂದು ನಷ್ಟವಿದೆ. ಕರ್ನಾಟಕದಲ್ಲಿ ನದಾಫ್, ಪಿಂಜಾರ, ಛಪ್ಪರಬಂದ್, ದರ್ವೇಶ್ ಮುಂತಾದವರು ಹಿಂದುಳಿದ ವರ್ಗಗಳ ಪ್ರವರ್ಗ 1ರ ಪಟ್ಟಿಯಲ್ಲಿದ್ದಾರೆ. ದೊಡ್ಡಸ್ತಿಕೆಗೆ "ಶೇಖ್" ಅಂತಷ್ಟೇ ಬರೆಸಿದ ದಾದಾನ ಶಾಲಾ ದಾಖಲೆ ಮೊಮ್ಮಗಳ ಜಾತಿ ಪ್ರಮಾಣಪತ್ರಕ್ಕೆ ಅಡ್ಡ ಬರಬಹುದು.

ಅವಳ ಹೆಸರು

ಇನ್ನು ಪರ್ದಾದಿಯ ಹೆಸರು. ಶಜ್ರಾದಲ್ಲಿ ಅವಳಿಲ್ಲ. ಕಬರಿನ ಮೇಲೆ ಕಲ್ಲೂ ಇರಲಿಕ್ಕಿಲ್ಲ. ನಿಕಾಹ್ ರಿಜಿಸ್ಟರಿನಲ್ಲಿ ಇದ್ದಾಳೆ. ವಾರಸಾ ದಾಖಲೆಯಲ್ಲೂ ಇರಬೇಕು, ಯಾಕಂದರೆ ಶರೀಅತ್ತಿನ ಪ್ರಕಾರ ಮಕ್ಕಳಿರುವ ಹೆಂಡತಿಗೆ ಎಂಟನೇ ಒಂದು ಪಾಲು, ಮಗಳಿಗೆ ಮಗನ ಪಾಲಿನ ಅರ್ಧ. ಅಲ್ಲೂ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ಹುಡುಕಿ. ಅಣ್ಣತಮ್ಮಂದಿರ ಸಲುವಾಗಿ "ನನಗೇನೂ ಬೇಡ" ಅಂತ ಹೆಬ್ಬೆಟ್ಟು ಒತ್ತಿದ ಅಕ್ಕತಂಗಿಯರ ಪೂರ್ತಿ ಹೆಸರು, ವಯಸ್ಸು, ಗಂಡನ ಹೆಸರು, ಕೊಟ್ಟ ಊರು ಎಲ್ಲ ಅದರಲ್ಲಿದೆ. ಪಾಲು ಹೋಯಿತು, ಹೆಸರು ಅದೇ ಕಾಗದದಲ್ಲಿ ಉಳಿಯಿತು. ಅದನ್ನು ಓದಿದ ಮೇಲೆ ಈಗಿನ ಅಕ್ಕತಂಗಿಯರ ಪಾಲಿನ ವಿಷಯವನ್ನೂ ಮನೆಯಲ್ಲಿ ಮಾತಾಡಬೇಕಾಗತ್ತೆ. ಮಾತಾಡಿ.

ಮುಂದಿನ ಈದಿಗೋ ಮನೆಯ ಮದುವೆಗೋ ಊರಿಗೆ ಹೋಗುವಾಗ ಒಂದು ನೋಟ್‌ಬುಕ್ಕು ತಗೊಂಡು ಹೋಗಿ. ಮೊದಲ ಪುಟದಲ್ಲಿ ನಿಮ್ಮ ಹೆಸರು, ಅದರ ಮೇಲೆ ಅಬ್ಬಾ ಮತ್ತು ಅಮ್ಮಿ ಇಬ್ಬರ ಹೆಸರೂ ಬರೆಯಿರಿ. ಗೊತ್ತಿಲ್ಲದ ಕಡೆ ಜಾಗ ಖಾಲಿ ಬಿಡಿ, ಕಲ್ಪಿಸಿ ತುಂಬಬೇಡಿ. ನಂತರ ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸಿನ ಪಕ್ಕ ಕೂತು, ಅವರ ಅಮ್ಮನ ಹೆಸರು ಏನು ಅಂತ ಕೇಳಿ.